ಇಲಿ ಬಿದ್ದ ಸುದ್ದಿ ಕಚೇರಿಗೆ ಹೇಗೆ ಮುಟ್ಟುತ್ತಿತ್ತು? ಬೆಂಗಳೂರು ಪ್ಲೇಗ್, 1898ರಿಂದ 1920

ಹಳೇಪೇಟೆ:
ಎಲ್ಲರಿಗೂ ನಮಸ್ಕಾರ. ಒಂದು ಪ್ರದರ್ಶನದ ಫಲಕಗಳಿಗೆ ಮಾಹಿತಿ ಬೇಕಾಗಿದೆ. 1898ರ ಆಗಸ್ಟಿನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು, ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆದರು, ಪ್ಲೇಗ್ ಕೆಲಸಕ್ಕೆಂದೇ ಊರಲ್ಲಿ ಟೆಲಿಫೋನ್ ತಂತಿ ಎಳೆದರು. ಇಷ್ಟು ಎಲ್ಲ ಕಡೆ ಸಿಗುತ್ತದೆ. ಸಿಗದಿರುವುದು ದಿನದಿನದ ಕೆಲಸದ ವಿವರ. ಒಂದು ಪೇಟೆಯಲ್ಲಿ ರೋಗ ಶುರುವಾಗಿದೆ ಎಂದು ಕಚೇರಿಗೆ ಮೊದಲು ತಿಳಿಸುತ್ತಿದ್ದವರು ಯಾರು? ಏನನ್ನು ಎಣಿಸುತ್ತಿದ್ದರು? ಆ ಎಣಿಕೆಯನ್ನು ಇವತ್ತು ಎಷ್ಟರ ಮಟ್ಟಿಗೆ ನಂಬಬಹುದು? ಜನಗಣತಿಯಲ್ಲಿ 1891ರಲ್ಲಿ 1,80,366 ಇದ್ದ ಬೆಂಗಳೂರು 1901ಕ್ಕೆ 1,59,046ಕ್ಕೆ ಇಳಿದಿದೆ. ಆ 21 ಸಾವಿರ ಚಿಲ್ಲರೆ ಜನ ಪ್ಲೇಗಿಗೆ ಸತ್ತರು ಎಂದು ಫಲಕದಲ್ಲಿ ಬರೆಯಬಹುದೇ?

ಕಡತಕೋಣೆ:
ದಯವಿಟ್ಟು ಹಾಗೆ ಬರೆಯಬೇಡಿ. 1901ರ ಗಣತಿ ನಡೆದದ್ದು ಮಾರ್ಚ್ 1ರಂದು. ಪ್ಲೇಗಿಗೆ ಹೆದರಿ ಊರು ಬಿಟ್ಟು ನೆಂಟರ ಹಳ್ಳಿ ಸೇರಿದವರು, ಹೊರಗೆ ಗುಡಿಸಲು ಹಾಕಿಕೊಂಡವರು, ವ್ಯಾಪಾರ ನಿಂತು ಬೇರೆ ಕಡೆ ಹೋದವರು ಎಲ್ಲರೂ ಆ ಇಳಿಕೆಯಲ್ಲಿ ಸೇರಿದ್ದಾರೆ. 1911ಕ್ಕೆ ಊರು ಮತ್ತೆ 1,89,485 ಆಯಿತು. ಸತ್ತವರು ಎದ್ದು ಬರುವುದಿಲ್ಲವಲ್ಲ. ಹತ್ತು ವರ್ಷದ ಬೆಳವಣಿಗೆ ತಪ್ಪಿಹೋದದ್ದನ್ನೂ ಈ ಅಂಕಿ ಹೇಳುವುದಿಲ್ಲ.

ಇನ್ನೊಂದು ವಿಷಯ ಫಲಕದಲ್ಲಿ ಮೊದಲೇ ಹೇಳಿಬಿಡಿ. ಆಗ ಬೆಂಗಳೂರು ಒಂದು ಊರಲ್ಲ, ಎರಡು. ಪೇಟೆ ಕಡೆಯದು ಮೈಸೂರು ಸರ್ಕಾರದ ಕೈಯಲ್ಲಿ. ದಂಡು, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ. ಎರಡು ಮುನಿಸಿಪಾಲಿಟಿ, ಎರಡು ಮರಣ ದಾಖಲೆ, ಎರಡು ಜೊತೆ ನಿಯಮ. 1901ರಲ್ಲಿ ಪೇಟೆ ಕಡೆ 69,447 ಜನ, ದಂಡಿನಲ್ಲಿ 89,599. ಒಂದರ ಅಂಕಿ ತೆಗೆದುಕೊಂಡು ಇನ್ನೊಂದರ ಜನಸಂಖ್ಯೆಯಿಂದ ಭಾಗಿಸಿದ ಲೇಖನಗಳಿವೆ. ಅಲ್ಲಿಂದ ಬರುವ ಸಾವಿನ ಪ್ರಮಾಣಕ್ಕೆ ಅರ್ಥವೇ ಇರುವುದಿಲ್ಲ.

ಈಗ ಮರಣ ದಾಖಲೆಯ ವಿಚಾರ. ಆ ಕಾಲದ ಇಂಡಿಯಾದ ಪುಸ್ತಕಗಳಲ್ಲಿ ಸಾವಿನ ಕಾರಣಕ್ಕೆ ಇದ್ದ ಕಾಲಂಗಳು ಕೆಲವೇ: ಕಾಲರಾ, ಸಿಡುಬು, ಪ್ಲೇಗ್, ಜ್ವರ, ಭೇದಿ, ಉಸಿರಾಟದ ಕಾಯಿಲೆ, ಗಾಯ, ಇತರೆ. ಬಹುಪಾಲು ಸಾವು ಹೋಗಿ ಬೀಳುತ್ತಿದ್ದದ್ದು 'ಜ್ವರ'ದ ಕಾಲಂಗೆ. ಮಲೇರಿಯಾ, ವಿಷಮಶೀತ ಜ್ವರ, ಬಾಣಂತಿ ಜ್ವರ, ಎಲ್ಲಕ್ಕೂ ಅದೇ ಚೀಲ. ವೈದ್ಯರು ನೋಡಿ ಬರೆದ ಕಾರಣ ಅಪರೂಪ. ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಪ್ಲೇಗಿನ ವರ್ಷ ಆ ಕಾಲಂ ಏಕಾಏಕಿ ಊದಿಕೊಂಡಿದ್ದರೆ, ಊದಿದಷ್ಟೂ ಜ್ವರವಲ್ಲ.

ಲೆಕ್ಕ ಹೀಗೆ ಮಾಡಿ. ಪ್ಲೇಗಿಗೆ ಮುಂಚಿನ ಐದು ವರ್ಷದ ಅದೇ ತಿಂಗಳ ಜ್ವರದ ಸಾವುಗಳ ಸರಾಸರಿ ತೆಗೆಯಿರಿ. ಉದಾಹರಣೆಗೆ ಅದು 100 ಎಂದಿಟ್ಟುಕೊಳ್ಳಿ. ಪ್ಲೇಗಿನ ವರ್ಷ ಅದೇ ತಿಂಗಳು ಜ್ವರದಲ್ಲಿ 260, ಪ್ಲೇಗಿನಲ್ಲಿ 90 ಇದ್ದರೆ, ಜ್ವರದ ಹೆಚ್ಚುವರಿ 160ರ ಬಹುಭಾಗ ಬಚ್ಚಿಟ್ಟ ಪ್ಲೇಗೇ ಇರಬೇಕು. ವಾರ್ಷಿಕ ಮೊತ್ತದಲ್ಲಿ ಇದು ಕಾಣುವುದಿಲ್ಲ, ತಿಂಗಳ ಪಟ್ಟಿಯೇ ಬೇಕು. ಜನ ಊರು ಬಿಟ್ಟ ತಿಂಗಳಲ್ಲಿ ಸಾವಿನ ಒಟ್ಟು ಸಂಖ್ಯೆ ಇಳಿದಿರುತ್ತದೆ, ಅದನ್ನು ರೋಗ ಇಳಿಯಿತು ಎಂದು ಓದಬಾರದು.

ಧಾರವಾಡ ಕಡೆಯವರು:
ಕಡತಕೋಣೆ ಅವರು 'ಬಚ್ಚಿಟ್ಟ ಪ್ಲೇಗು' ಅಂದರಲ್ಲ, ಅದು ಯಾಕೆ ಬಚ್ಚಿಟ್ಟರು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕ್ರೀ. ಇಡೀ ವ್ಯವಸ್ಥೆ ಕೆಟ್ಟದ್ದು ಅಲ್ಲೇ.

1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಅದರಡಿ ಮನೆಯೊಳಗೆ ನುಗ್ಗಿ ಹುಡುಕಬಹುದು, ರೋಗಿಯನ್ನ ಎತ್ತಿಕೊಂಡು ಹೋಗಬಹುದು, ಜೊತೆಗಿದ್ದವರನ್ನ ಬೇರೆ ಕ್ಯಾಂಪಿಗೆ ಹಾಕಬಹುದು, ಸಾಮಾನು ಸುಡಬಹುದು. ಅಂದಮೇಲೆ ಒಂದು ಮನೆಯಲ್ಲಿ ಒಬ್ಬರ ಕಂಕುಳಲ್ಲಿ ಗೆಡ್ಡೆ ಎದ್ದರೆ, ಅದನ್ನ ತಿಳಿಸಿದ ಮನೆಗೆ ಸಿಗುತ್ತಿದ್ದದ್ದೇನು? ರೋಗಿ ಕೈಬಿಟ್ಟ, ಮನೆ ಮುಚ್ಚಿತು, ಅಂಗಡಿ ನಿಂತಿತು, ಹಾಸಿಗೆ ಬೂದಿಯಾಯಿತು. ತಿಳಿಸದ ಮನೆಗೆ ಏನೂ ಆಗಲಿಲ್ಲ. ಪುಣೆಯಲ್ಲಿ ಮನೆ ಹುಡುಕೋದಕ್ಕೆ ಸೋಲ್ಜರುಗಳನ್ನೇ ಬಿಟ್ಟರು, ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ 1897ರ ಜೂನ್ 22ರ ರಾತ್ರಿ ಗುಂಡು ಬಿತ್ತು. ಆಮೇಲೆ ಎಲ್ಲ ಕಡೆ ಕೈ ಸ್ವಲ್ಪ ಸಡಿಲ ಮಾಡಿದರು, ಆದರೆ ಹೆದರಿಕೆ ಕೂತುಬಿಟ್ಟಿತ್ತು. ರೋಗಿಯನ್ನ ಅಟ್ಟದ ಮೇಲೆ ಮಲಗಿಸೋದು, ಹಿತ್ತಲ ಬಾಗಿಲಿಂದ ದಾಟಿಸೋದು, ಹೆಣಾನ ರಾತ್ರಿಯಲ್ಲೇ ಸಾಗಿಸೋದು ನಡೆದೇ ಇತ್ತು.

ರೈಲು ತಪಾಸಣೆನೂ ನೋಡ್ರಿ. ಪ್ರಯಾಣಿಕರನ್ನ ಇಳಿಸಿ ಸಾಲಾಗಿ ನಿಲ್ಲಿಸಿ ಜ್ವರ ಇದೆಯಾ, ಕಂಕುಳು, ತೊಡೆಸಂದಿನಲ್ಲಿ ಗಂಟು ಇದೆಯಾ ನೋಡೋದು. ಸೋಂಕಿದ ಊರಿಂದ ಬಂದವರಿಗೆ ಪ್ಲೇಗ್ ಪಾಸ್‌ಪೋರ್ಟ್ ಕೊಟ್ಟು, ತಲುಪಿದ ಊರಲ್ಲಿ 10 ದಿವಸ ದಿನಾ ಹಾಜರಿ ಹಾಕಬೇಕು ಅನ್ನೋದು ಮದ್ರಾಸ್ ಪ್ರಾಂತದ ಕ್ರಮ. ಗೆಡ್ಡೆ ಎದ್ದವರು ಸಿಕ್ಕರು. ಆದರೆ ಇಲಿಯಿಂದ ಮನುಷ್ಯರಿಗೆ ರೋಗ ದಾಟಿಸೋದು ಚಿಗಟ; ಅದೇ ಗಾಡಿಯಲ್ಲಿ ಗೋಣಿಚೀಲದಲ್ಲಿ ಕೂತು ಬಂದ ಆ ಚಿಗಟಕ್ಕೆ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಹುಬ್ಬಳ್ಳಿಯಿಂದ ಹರಿಹರ, ಅರಸೀಕೆರೆ, ತುಮಕೂರು ಹಾದು ಬೆಂಗಳೂರಿಗೆ ಬರೋ ಸದರ್ನ್ ಮರಾಠಾ ರೈಲ್ವೆ ದಾರಿಯಲ್ಲಿ ಜನಕ್ಕಿಂತ ಹೆಚ್ಚು ಓಡಾಡಿದ್ದು ಧಾನ್ಯ, ಅರಳೆ.

ಸೂಕ್ಷ್ಮದರ್ಶಿ:
ಮೇಲಿನವರು ಚಿಗಟದ ಮಾತು ತೆಗೆದದ್ದು ಒಳ್ಳೆಯದಾಯಿತು. ಕಾಲದ ಕ್ರಮ ಮಾತ್ರ ನೆನಪಿರಲಿ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ರೋಗಾಣುವನ್ನು ಕಂಡರು. 1898ರಲ್ಲಿ ಕರಾಚಿಯಲ್ಲಿ ಸಿಮೋಂ ಇಲಿಯಿಂದ ಇಲಿಗೆ ಚಿಗಟ ರೋಗ ದಾಟಿಸುತ್ತದೆ ಎಂದು ತೋರಿಸಿದರು, ಹೆಚ್ಚಿನವರು ನಂಬಲಿಲ್ಲ. ಮುಂಬಯಿಯಲ್ಲಿ ಲಿಸ್ಟನ್ ಕೆಲಸ, 1905ರಿಂದ ಪರೇಲಿನಲ್ಲಿ ಪ್ಲೇಗ್ ರಿಸರ್ಚ್ ಕಮಿಷನ್ ಮಾಡಿದ ಪ್ರಯೋಗ, ಇವುಗಳ ನಂತರವೇ ಅದು ಗಟ್ಟಿಯಾಯಿತು. ಆದ್ದರಿಂದ 1898ರ ಬೆಂಗಳೂರಿನಲ್ಲಿ ಚಿಗಟದ ಲೆಕ್ಕ ಇಟ್ಟಿದ್ದರು ಎಂದು ಬರೆದರೆ ತಪ್ಪು. ಅವರು ಹುಡುಕುತ್ತಿದ್ದದ್ದು ರೋಗಿಯನ್ನು ಮತ್ತು ಕೊಳಕನ್ನು.

ಆದರೆ ಜನಕ್ಕೆ ಗೊತ್ತಿತ್ತು. 'ಇಲಿ ಬಿತ್ತು' ಎಂಬ ಮಾತು ಕೇಳಿದೊಡನೆ ಹಳ್ಳಿ ಹಳ್ಳಿಯೇ ಗಂಟುಮೂಟೆ ಕಟ್ಟುತ್ತಿತ್ತು. ಹೆಂಚಿನ ಸಂದಿಯಿಂದ ತೂರಾಡುತ್ತಾ ಹಗಲಲ್ಲೇ ಹೊರಬಂದು, ಮನುಷ್ಯರ ಹೆದರಿಕೆಯಿಲ್ಲದೆ ನೆಲಕ್ಕೆ ಬಿದ್ದು ಸಾಯುವ ಇಲಿ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಕೀಲಿಕೈ ಇದೇ. ರೋಗ ಶುರುವಾದದ್ದಕ್ಕೆ ಅತಿ ಮೊದಲ ಕುರುಹು ಇಲಿಯ ಸಾವು, ಮನುಷ್ಯರ ಸಾವು ಅತಿ ಕೊನೆಯದು. ಇಲಿ ಸತ್ತದ್ದನ್ನು ಹೇಳಿಕೊಳ್ಳಲು ಯಾರಿಗೂ ನಾಚಿಕೆಯಿಲ್ಲ, ಯಾರ ಮಗನನ್ನೂ ಎತ್ತಿಕೊಂಡು ಹೋಗುವುದಿಲ್ಲ.

ದಿನಗಳ ಲೆಕ್ಕ ನೋಡಿ. ಇಲಿ ಸತ್ತು ತಣ್ಣಗಾದ ಮೇಲೆ ಚಿಗಟ ಅದನ್ನು ಬಿಡುತ್ತದೆ. ಬೇರೆ ಇಲಿ ಸಿಗದೆ ಸುಮಾರು 3 ದಿನ ಹಸಿದು ಮನುಷ್ಯರನ್ನು ಕಚ್ಚುತ್ತದೆ. ಕಚ್ಚಿದ 3 ದಿನಕ್ಕೆ ಜ್ವರ. ಸಾಯುವವರು ಮತ್ತೆ ಐದಾರು ದಿನಕ್ಕೆ ಸಾಯುತ್ತಾರೆ. ಇಲಿ ಬಿದ್ದದ್ದಕ್ಕೂ ಮರಣ ಪುಸ್ತಕದಲ್ಲಿ ಮೊದಲ ಹೆಸರು ಏರುವುದಕ್ಕೂ ನಡುವೆ 10ರಿಂದ 14 ದಿನ. ಪುಸ್ತಕ ನೋಡಿ ಕೆಲಸ ಶುರುಮಾಡುವ ಕಚೇರಿ ಯಾವಾಗಲೂ ಎರಡು ವಾರ ಹಿಂದೆ.

ಹಳೇಪೇಟೆ:
ಇದೇ ಬೇಕಾಗಿತ್ತು ಸರ್, ತುಂಬಾ ಉಪಕಾರ. ಸತ್ತ ಇಲಿಯನ್ನು ಪ್ಲೇಗಿನಿಂದಲೇ ಸತ್ತದ್ದು ಎಂದು ಹೇಗೆ ಗುರುತಿಸುತ್ತಿದ್ದರು? ಪಾಷಾಣ ತಿಂದು ಸತ್ತಿರಬಹುದು, ಬೆಕ್ಕು ಹಿಡಿದಿರಬಹುದು.

ಸೂಕ್ಷ್ಮದರ್ಶಿ:
ಕಮಿಷನ್ ಕೆಲಸದ ನಂತರ ರೂಢಿಗೆ ಬಂದ ಕ್ರಮ ಇದು. ಕೈಯಲ್ಲಿ ಮುಟ್ಟುವಂತಿಲ್ಲ. ಉದ್ದ ಇಕ್ಕಳದಲ್ಲಿ ಹಿಡಿದು ಸೀಮೆಎಣ್ಣೆ ಇರುವ ಡಬ್ಬಿಗೆ ಹಾಕಬೇಕು. ಮೈಮೇಲೆ ಉಳಿದ ಚಿಗಟ ಅದರಲ್ಲೇ ಸಾಯುತ್ತದೆ. ಡಬ್ಬಿಗೆ ಚೀಟಿ: ಬೀದಿ, ಮನೆ ನಂಬರು, ಮನೆಯ ಯಾವ ಭಾಗ, ತಾರೀಖು, ಸತ್ತು ಸಿಕ್ಕಿದ್ದೋ ಬೋನಿಗೆ ಬಿದ್ದದ್ದೋ. ಚೀಟಿಯಿಲ್ಲದ ಇಲಿ ಪರೀಕ್ಷೆಗೆ ನಿಷ್ಪ್ರಯೋಜಕ, ಯಾಕೆಂದರೆ ಸೋಂಕು ಸಿಕ್ಕರೂ ಯಾವ ಬೀದಿಗೆ ಹೋಗಬೇಕು ಎಂಬುದು ತಿಳಿಯುವುದಿಲ್ಲ.

ಪ್ರಯೋಗಶಾಲೆಯಲ್ಲಿ ಇಲಿಯನ್ನು ಔಷಧಿ ನೀರಿನಲ್ಲಿ ಅದ್ದಿ ಹಲಗೆಯ ಮೇಲೆ ಅಂಗಾತ ಮಲಗಿಸಿ, ನಾಲ್ಕು ಕಾಲಿಗೂ ಮೊಳೆ ಹೊಡೆದು, ಗದ್ದದಿಂದ ತೊಡೆಸಂದಿನವರೆಗೆ ಚರ್ಮವನ್ನಷ್ಟೇ ಮೊದಲು ಸೀಳುತ್ತಾರೆ. ನೋಡುವುದು ಮುಖ್ಯವಾಗಿ ನಾಲ್ಕು. ಚರ್ಮದ ಒಳಮೈ ಗುಲಾಬಿ ಕೆಂಪಾಗಿ ರಕ್ತ ಉಕ್ಕಿದೆಯೇ? ದುಗ್ಧಗ್ರಂಥಿ ಊದಿದೆಯೇ? ಮನುಷ್ಯರಲ್ಲಿ ಅದು ಹೆಚ್ಚಾಗಿ ತೊಡೆಸಂದಿನಲ್ಲಿ, ಇಲಿಗೆ ಕುತ್ತಿಗೆಯಲ್ಲಿ. ಯಕೃತ್ತು ಹಳದಿಗೆ ತಿರುಗಿ, ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕೆ ಇದೆಯೇ? ಎದೆಗೂಡಿನಲ್ಲಿ ತಿಳಿನೀರು ತುಂಬಿದೆಯೇ? ಗುಲ್ಮವೂ (ಸ್ಪ್ಲೀನ್) ದೊಡ್ಡದಾಗಿ ಕಪ್ಪಾಗಿರುತ್ತದೆ. ಆಮೇಲೆ ಗುಲ್ಮ ಮತ್ತು ಗ್ರಂಥಿಯ ರಸವನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡಿದರೆ ಎರಡು ತುದಿ ಮಾತ್ರ ಬಣ್ಣ ಹಿಡಿದ, ಸೇಫ್ಟಿ ಪಿನ್ನಿನಂತೆ ಕಾಣುವ ರೋಗಾಣುಗಳು.

ಅನುಭವಿ ಕಣ್ಣಿಗೆ ಹಲಗೆಯ ಮೇಲೆ ಕಾಣುವುದೇ ಗಾಜಿನ ಮೇಲೆ ಕಾಣುವುದಕ್ಕಿಂತ ಹೆಚ್ಚು ನಂಬಿಕಸ್ತ ಎಂಬುದು ಕಮಿಷನ್ನಿನವರ ಅಭಿಪ್ರಾಯ. ಸಾವಿರಾರು ಇಲಿ ಕೊಯ್ದ ಮೇಲೆ ಹೇಳಿದ ಮಾತು ಅದು. ಕೊಳೆತ ಇಲಿಯಲ್ಲಿ ಬೇರೆ ಅಣುಗಳೇ ತುಂಬಿರುವುದರಿಂದ ಸವರಿದ ಗಾಜು ಮೋಸ ಮಾಡುತ್ತದೆ. ಆಗ ಗಿನಿ ಹಂದಿಯ ಹೊಟ್ಟೆಯ ಕೂದಲು ಬೋಳಿಸಿ, ಆ ಚರ್ಮದ ಮೇಲೆ ಗುಲ್ಮದ ರಸ ಉಜ್ಜುವುದು. ಕೊಳೆತದ ಅಣು ಚರ್ಮ ದಾಟುವುದಿಲ್ಲ, ಪ್ಲೇಗಿನದು ದಾಟುತ್ತದೆ. ಕೆಲವು ದಿನ ಕಾಯಬೇಕು, ಆದರೆ ಉತ್ತರ ಗಟ್ಟಿ.

ಬೋನು ಬಲ್ಲವರು:
ಇಲಿ ಹಿಡಿಯುವ ಕೆಲಸದ ಬಗ್ಗೆ ನಾಲ್ಕು ಮಾತು. ಬೋನನ್ನು ನಡುಮನೆಯಲ್ಲಿ ಇಟ್ಟರೆ ಬೀಳುವುದಿಲ್ಲ. ಇಲಿ ಗೋಡೆಗೆ ಮೈ ಒರೆಸಿಕೊಂಡೇ ಓಡುತ್ತದೆ, ಹಾಗಾಗಿ ಬಾಯಿ ಗೋಡೆಯ ಗುಂಟ ಇರುವಂತೆ ಇಡಬೇಕು. ಸುಟ್ಟ ಕೊಬ್ಬರಿ ಚೂರು, ಎಣ್ಣೆಯಲ್ಲಿ ಕರಿದ ತಿಂಡಿ, ಒಣಮೀನು ಕಟ್ಟಬೇಕು. ಧಾನ್ಯದ ಮಂಡಿಯಲ್ಲಿ ಧಾನ್ಯವನ್ನೇ ಕಟ್ಟಿದರೆ ಅದು ತಿರುಗಿಯೂ ನೋಡುವುದಿಲ್ಲ. ಹಿಂದಿನ ದಿನ ಬಿದ್ದ ಇಲಿಯ ರಕ್ತದ ವಾಸನೆ ಉಳಿದ ಬೋನನ್ನು ಬಿಸಿನೀರಿನಲ್ಲಿ ತೊಳೆಯದೆ ಇಡಬಾರದು.

ತಲೆಗೆ ಇಷ್ಟು ಕಾಸು ಎಂದು ಇನಾಮು ಇಟ್ಟ ಊರುಗಳಲ್ಲಿ ಏನು ಕೆಡುತ್ತಿತ್ತು ಎಂಬುದನ್ನು ಫಲಕದಲ್ಲಿ ಹಾಕಿ. ದುಡ್ಡಿಗಾಗಿ ಬಂದ ಇಲಿಗೆ ವಿಳಾಸ ಇರುವುದಿಲ್ಲ. ಸುಲಭವಾಗಿ ಸಿಗುವ ಹೊಲದ ಇಲಿ, ಮೋರಿಯ ಹೆಗ್ಗಣ ತಂದು ಕೊಟ್ಟರೆ ಲೆಕ್ಕ ತುಂಬುತ್ತದೆ, ಮನೆಯ ಮಾಡಿನಲ್ಲಿರುವ ಕರಿ ಇಲಿ ಅಲ್ಲೇ ಇರುತ್ತದೆ. ನಮ್ಮ ಕಡೆ ಮನುಷ್ಯರಿಗೆ ರೋಗ ತಂದದ್ದು ಮುಖ್ಯವಾಗಿ ಆ ಮಾಡಿನ ಇಲಿ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಆಗಲೇ ಇಲಿ ಸಾಯುತ್ತಿರುವ ಬೀದಿಯಲ್ಲಿ ಇಲಿ ಕೊಲ್ಲಲು ಹೊರಟರೆ ಅವುಗಳ ಚಿಗಟವೆಲ್ಲ ಒಟ್ಟಿಗೆ ನಿರಾಶ್ರಿತವಾಗುತ್ತವೆ, ಹತ್ತಿರದಲ್ಲಿ ಉಳಿದಿರುವವರು ಮನುಷ್ಯರು. ಇಲಿ ಕಡಿಮೆ ಮಾಡುವ ಕೆಲಸ ರೋಗವಿಲ್ಲದ ತಿಂಗಳುಗಳದ್ದು. ರೋಗ ಬಂದ ಮೇಲೆ ಮೊದಲ ಕೆಲಸ ಮನೆ ಖಾಲಿ ಮಾಡಿಸುವುದು.

ಚಿಗಟದ ಎಣಿಕೆ ಇನ್ನೂ ಸ್ವಲ್ಪ ನಂತರದ ರೂಢಿ. ಜೀವಂತ ಹಿಡಿದ ಇಲಿಯನ್ನು ಬಿಳಿ ಬಟ್ಟೆಯ ಚೀಲದಲ್ಲಿ ಬೋನಿನ ಸಮೇತ ತಂದು, ಕ್ಲೋರೋಫಾರಂ ಹಾಕಿ, ಬಿಳಿ ಎನಾಮಲ್ ತಟ್ಟೆಯ ಮೇಲೆ ಹಿಡಿದು ಬಾಚಬೇಕು. ಸಿಕ್ಕ ಚಿಗಟದ ಸಂಖ್ಯೆಯನ್ನು ಇಲಿಗಳ ಸಂಖ್ಯೆಯಿಂದ ಭಾಗಿಸಿದರೆ ಸೂಚ್ಯಂಕ. ಚೀಲ ಕಟ್ಟದೆ ತಂದರೆ ದಾರಿಯಲ್ಲೇ ಅರ್ಧ ಉದುರಿಹೋಗಿ, ಊರು ಕ್ಷೇಮ ಎಂಬ ಸುಳ್ಳು ಅಂಕಿ ಬರುತ್ತದೆ. ಚಿಯೋಪಿಸ್ ಎಂಬ ಜಾತಿಯ ಚಿಗಟ ಇಲಿಯೊಂದಕ್ಕೆ 1ಕ್ಕಿಂತ ಹೆಚ್ಚಾದರೆ ಎಚ್ಚರಿಕೆ.

ಧಾರವಾಡ ಕಡೆಯವರು:
ಜಾತಿ ಯಾಕೆ ಬೇರೆ ಎಣಿಸಬೇಕು? ಚಿಗಟ ಅಂದಮೇಲೆ ಎಲ್ಲಾ ಕಚ್ಚತಾವಲ್ಲ?

ಸೂಕ್ಷ್ಮದರ್ಶಿ:
ಎಲ್ಲವೂ ಕಚ್ಚುತ್ತವೆ, ಎಲ್ಲವೂ ಸಮನಾಗಿ ರೋಗ ದಾಟಿಸುವುದಿಲ್ಲ. ಚಿಯೋಪಿಸ್‌ನ ಜಠರದ ಬಾಗಿಲಲ್ಲಿ ರೋಗಾಣು ಬೆಳೆದು ಗಡ್ಡೆಯಾಗಿ ಅಡ್ಡ ನಿಲ್ಲುತ್ತದೆ. ಹೀರಿದ ರಕ್ತ ಒಳಗಿಳಿಯದೆ, ಅಣುವಿನ ಸಮೇತ ಕಚ್ಚಿದ ಗಾಯಕ್ಕೇ ಹಿಂದಕ್ಕೆ ಬರುತ್ತದೆ. ಹೊಟ್ಟೆ ತುಂಬದ ಹಸಿವಿಗೆ ಅದು ಮತ್ತೆ ಮತ್ತೆ ಕಚ್ಚುತ್ತದೆ. ಬೇಕಾಟ್ ಮತ್ತು ಮಾರ್ಟಿನ್ 1914ರಲ್ಲಿ ಇದನ್ನು ತೋರಿಸಿದರು. ಆಸ್ಟಿಯಾ ಎಂಬ ಇನ್ನೊಂದು ಜಾತಿ ಈ ಕೆಲಸದಲ್ಲಿ ದುರ್ಬಲ. ಮದ್ರಾಸ್ ಪಟ್ಟಣದಲ್ಲಿ ಇಲಿ ಬೇಕಾದಷ್ಟಿದ್ದರೂ ಪ್ಲೇಗು ಬೇರೂರಲಿಲ್ಲ, ಅಲ್ಲಿ ಆಸ್ಟಿಯಾವೇ ಹೆಚ್ಚು. ಕೊಲಂಬೊದಲ್ಲಿದ್ದ ಹರ್ಸ್ಟ್ ಈ ವ್ಯತ್ಯಾಸವನ್ನು ಮುಂದಿಟ್ಟವರು. ಮೈಸೂರು ಸೀಮೆಯ ತಂಪು ಚಿಯೋಪಿಸ್‌ಗೆ ಹೇಳಿಮಾಡಿಸಿದ್ದು. ಬಿರುಬೇಸಿಗೆಯ ಒಣ ಸೆಖೆಯಲ್ಲಿ ಚಿಗಟದ ಆಯುಸ್ಸು ಕಡಿಮೆಯಾಗುತ್ತದೆ, ಆದ್ದರಿಂದಲೇ ರೋಗ ಮಳೆಗಾಲದಲ್ಲಿ ಏರಿ ಚಳಿಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಇಳಿಯುತ್ತಿತ್ತು.

ಹಳೇಪೇಟೆ:
1898ರಲ್ಲಿ ಮನೆಮನೆಗೆ ರಸಕರ್ಪೂರದ ನೀರು ಎರಚಿದರು, ಹೆಂಚು ತೆಗೆಸಿದರು, ಸುಣ್ಣ ಬಳಿಸಿದರು ಎಂದು ಓದಿದೆ. ಇದರಿಂದ ಏನಾದರೂ ಉಪಯೋಗ ಆಯಿತೇ?

ಸೂಕ್ಷ್ಮದರ್ಶಿ:
ಎರಚಿದ್ದರಿಂದ ಬಹುಮಟ್ಟಿಗೆ ಇಲ್ಲ. ರಸಕರ್ಪೂರದ ನೀರು ಎಂದರೆ ಪಾದರಸದ ಪರ್‌ಕ್ಲೋರೈಡಿನ 1000ಕ್ಕೆ 1ರ ದ್ರಾವಣ, ಅಂದರೆ ಲೀಟರಿಗೆ 1 ಗ್ರಾಂ. ಲೋಹದ ಪಾತ್ರೆಯಲ್ಲಿ ಕಲಸಿದರೆ ಪಾದರಸ ಲೋಹಕ್ಕೇ ಹತ್ತಿ ದ್ರಾವಣ ಸತ್ವ ಕಳೆದುಕೊಳ್ಳುತ್ತದೆ, ಪಾತ್ರೆಯೂ ತಿಂದುಹೋಗುತ್ತದೆ. ಮರದ ತೊಟ್ಟಿ ಅಥವಾ ಮಣ್ಣಿನ ಬಾನಿಯೇ ಆಗಬೇಕು. ನೀರಿನಂತೆ ಕಾಣುವ ಕಡುವಿಷವಾದ್ದರಿಂದ ಬಣ್ಣ ಸೇರಿಸಬೇಕು, ಇಲ್ಲದಿದ್ದರೆ ಯಾರಾದರೂ ಕುಡಿದುಬಿಡುತ್ತಾರೆ. ಇಷ್ಟು ಜೋಪಾನ ಮಾಡಿ ಸಗಣಿ ಸಾರಿಸಿದ ನೆಲಕ್ಕೆ ಹುಯ್ದರೆ, ಸಗಣಿಯೇ ಪಾದರಸವನ್ನು ಹಿಡಿದು ಕೂರಿಸಿಕೊಳ್ಳುತ್ತದೆ. ಅದಕ್ಕಾಗಿ ಆಮ್ಲ ಬೆರೆಸಿದ ದ್ರಾವಣವನ್ನು ಬಳಕೆಗೆ ತಂದರು. ಆದರೂ ಅದು ರೋಗಾಣುವಿಗೆ ಮದ್ದು. ಬಿಲದ ಇಲಿಗೂ ಅದರ ಮೈಯ ಚಿಗಟಕ್ಕೂ ಅದರಿಂದ ಏನೂ ಆಗುವುದಿಲ್ಲ. ಚಿಗಟಕ್ಕೆ ಸೀಮೆಎಣ್ಣೆಯನ್ನು ಸೋಪಿನ ನೀರಿನಲ್ಲಿ ಕಡೆದು ಮಾಡಿದ ಹಾಲಿನಂಥ ದ್ರಾವಣ ಬೇಕಿತ್ತು, ಅದು ನಂತರ ಬಂತು.

ಹೆಂಚು ತೆಗೆಸಿದ್ದು ಬೇರೆ ಮಾತು. ಗಾಳಿ ಬೆಳಕು ಅಣುವನ್ನು ಕೊಲ್ಲುತ್ತದೆ ಎಂದು ತೆಗೆಸಿದರು. ಕಾರಣ ಅರ್ಧ ಸರಿ, ಫಲ ಪೂರ್ತಿ ಸಿಕ್ಕಿತು: ಇಲಿಗೂಡು ಬಯಲಾಯಿತು, ನೆಲ ಒಣಗಿ ಚಿಗಟದ ಮರಿ ಸತ್ತವು. ಹಾಸಿಗೆ ಬಟ್ಟೆಯನ್ನು ಸುಡುವ ಬದಲು ನೆತ್ತಿಯ ಬಿಸಿಲಲ್ಲಿ ಬರಿನೆಲದ ಮೇಲೆ ತೆಳ್ಳಗೆ ಹರಡಿದ್ದರೂ ಸಾಕಿತ್ತು. ಹುಲ್ಲಿನ ಮೇಲೆ ಹರಡಬಾರದು, ಚಿಗಟ ಹುಲ್ಲಿನ ಬುಡದ ನೆರಳಿಗೆ ಇಳಿದು ಬದುಕಿಕೊಳ್ಳುತ್ತದೆ. ಬಡವರ ಮನೆಯ ಇದ್ದೊಂದು ಕಂಬಳಿಯನ್ನು ಸುಟ್ಟದ್ದು ಅನ್ಯಾಯ. ಆ ಮನೆಯವರು ಮುಂದಿನ ಸಲ ಯಾವ ಸುದ್ದಿಯನ್ನೂ ಕೊಡುವುದಿಲ್ಲ.

ಗಾರೆ ಕೆಲಸ:
ಮನೆಯ ವಿಷಯ ಬಂದದ್ದರಿಂದ ಸೇರಿಸುತ್ತೇನೆ. ಮೊದಲು ಒಂದು ತಿದ್ದುಪಡಿ. ಪ್ಲೇಗು ಬಂದದ್ದಕ್ಕೇ ಮಲ್ಲೇಶ್ವರ, ಬಸವನಗುಡಿ ಕಟ್ಟಿದರು ಎಂದು ಎಲ್ಲರೂ ಬರೆಯುತ್ತಾರೆ. ಆ ಎರಡೂ ಬಡಾವಣೆಗಳ ಯೋಜನೆ 1890ರ ದಶಕದ ಮೊದಲ ಭಾಗದ್ದು, ಪ್ಲೇಗಿಗಿಂತ ಹಿಂದಿನದು. ಪೇಟೆಯ ಇಕ್ಕಟ್ಟಿನಿಂದ ಜನ ಬೇಗ ಅಲ್ಲಿಗೆ ಹೋಗುವಂತೆ ಮಾಡಿದ್ದು ಪ್ಲೇಗು. ಮನೆಸಾಲಿನ ಹಿಂದೆ ಕಕ್ಕಸು ಶುಚಿ ಮಾಡುವವರಿಗೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ ಇವತ್ತಿಗೂ ಅಲ್ಲಲ್ಲಿ ಕಾಣುತ್ತದೆ.

ಪ್ಲೇಗನ್ನೇ ಮನಸ್ಸಿನಲ್ಲಿಟ್ಟು ಕಟ್ಟಿದ್ದು ದಂಡಿನ ಫ್ರೇಜರ್ ಟೌನ್. ಮುನಿಸಿಪಲ್ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಅದರ ಹಿಂದಿದ್ದವರು. ಇಲಿ ಎಲ್ಲಿ ಮನೆ ಮಾಡುತ್ತದೆ ಎಂಬುದನ್ನು ಹಿಡಿದು ಮನೆ ಕಟ್ಟುವುದು ಅಂದರೆ ಹೀಗೆ. ಹಳೇಪೇಟೆಯ ಮನೆಯಲ್ಲಿ ಹಸಿಮಣ್ಣಿನ ಗೋಡೆ, ಮಣ್ಣಿನ ನೆಲ, ಮೇಲೆ ಎರಡು ಮೂರು ಪದರ ನಾಡಹೆಂಚು. ಗೋಡೆಯಲ್ಲಿ ಬಿಲ, ಹೆಂಚಿನ ಪದರದ ನಡುವೆ ಗೂಡು, ಅಟ್ಟದಲ್ಲಿ ಕಾಳು, ಬೀದಿಯಲ್ಲಿ ರಾಗಿ ತುಂಬಿಡುವ ನೆಲದ ಗುಳಿ, ಅಂದರೆ ಹಗೇವು. ಇಲಿಗೆ ಊಟ ವಸತಿ ಒಂದೇ ಸೂರಿನಡಿ. ಇದಕ್ಕೆ ಮದ್ದು: ಪಾಯ ಎತ್ತರಿಸಿ ಕಲ್ಲಿನಲ್ಲಿ ಕಟ್ಟುವುದು, ನೆಲಕ್ಕೆ ಚಪ್ಪಡಿ ಹಾಸಿ ಸಂದಿಗೆ ಗಾರೆ ತುಂಬುವುದು, ಬಚ್ಚಲ ಕಿಂಡಿಗೆ ಕಬ್ಬಿಣದ ಜಾಲರಿ, ಮಾಡಿಗೆ ಒಂದೇ ಪದರದ ಮಂಗಳೂರು ಹೆಂಚು ಅಥವಾ ತಾರಸಿ, ಹೆಂಚಿನ ಕೆಳಗೆ ಹಲಗೆ ಮುಚ್ಚಿಗೆ ಇಲ್ಲ. ಮುಚ್ಚಿಗೆಗೂ ಹೆಂಚಿಗೂ ನಡುವಿನ ಕತ್ತಲೆ ಜಾಗವೇ ಇಲಿಗೆ ಅರಮನೆ.

ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಗೋಡೆಯ ತಲೆ ಮಾಡಿಗೆ ಸೇರುವಲ್ಲಿ. ಕೆಳಗೆಲ್ಲ ಕಲ್ಲು ಹಾಕಿ ಮೇಲೆ ಗೋಡೆಯ ತಲೆಯನ್ನು ಗಾರೆಯಿಂದ ಮುಚ್ಚದಿದ್ದರೆ, ಪಕ್ಕದ ಮರದ ಕೊಂಬೆಯಿಂದ ಜಿಗಿದು ಕರಿ ಇಲಿ ಒಳಗೆ ಬರುತ್ತದೆ. ಅದು ಹತ್ತುವ ಇಲಿ.

ಮೈಸೂರಿನಲ್ಲೂ ಇದೇ ಕಾಲ. ಅಲ್ಲಿಯೂ 1891ರ 74,048 ಜನ 1901ಕ್ಕೆ 68,111 ಆಗಿದ್ದರು. 1903ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು, ಇಂಥ ಮಂಡಳಿ ಕಂಡ ಮೊದಲ ಕೆಲವೇ ಊರುಗಳಲ್ಲಿ ಮೈಸೂರು ಒಂದು.

ಓದುಗ ಕೋಲಾರ:
ಕಾಲರಾ ಸಿಡುಬಿನ ವಿಷಯ ಯಾರೂ ಹೇಳಲಿಲ್ಲ. 1896ರಲ್ಲಿ ಹೆಸರಘಟ್ಟದ ನೀರು ಬಂದ ಮೇಲೆ ಬೆಂಗಳೂರಿನ ಕಾಲರಾ ಪೂರ್ತಿ ನಿಂತಿತೇ?

ಕಡತಕೋಣೆ:
ಕೊಳಾಯಿ ಹೋದಲ್ಲಿ ಭಯ ಇಳಿಯಿತು, ಬಾವಿ ಕೆರೆ ನೀರು ಕುಡಿಯುವ ಕಡೆ ಉಳಿಯಿತು. ಬಾವಿಗೆ ಪೊಟ್ಯಾಷ್ ಪರ್ಮಾಂಗನೇಟ್ ಹಾಕುತ್ತಿದ್ದರು. ಸಂಜೆ ಬಕೆಟ್ಟಿನಲ್ಲಿ ಕರಗಿಸಿ ಸುರಿದು, ಬೆಳಿಗ್ಗೆ ನೀರು ಇನ್ನೂ ತೆಳು ಗುಲಾಬಿ ಇದ್ದರೆ ಸಾಕಾಯಿತು ಎಂದರ್ಥ. ಬಣ್ಣ ಹೋಗಿದ್ದರೆ ಹೂಳಿನ ಕೊಳೆಯೇ ಔಷಧಿ ಕುಡಿದಿದೆ, ಮತ್ತೆ ಹಾಕಬೇಕು. ಸಿಡುಬಿನ ದೇವಿ ಹಾಕುವ ವ್ಯವಸ್ಥೆ ಬೆಂಗಳೂರಿನಲ್ಲಿ ಆಗಲೇ ಗಟ್ಟಿಯಿತ್ತು. ಲಸಿಕೆ ತಯಾರಿಸುವ ಕೆಲಸದಲ್ಲಿದ್ದ ಡಾ. ಪಲ್ಪು ಪ್ಲೇಗಿನ ಕ್ಯಾಂಪುಗಳಲ್ಲೂ ದುಡಿದವರು. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಷ್ಟು ವಿಷಯ ಇದೆ.

ಹಳೇಪೇಟೆ:
ಪ್ಲೇಗ್ ಚುಚ್ಚುಮದ್ದಿನ ಲೆಕ್ಕ ಕಣ್ಗಾವಲಿಗೆ ಹೇಗೆ ಸಹಾಯವಾಯಿತು?

ಧಾರವಾಡ ಕಡೆಯವರು:
ಇದಕ್ಕೆ ನಮ್ಮ ಹುಬ್ಬಳ್ಳಿನೇ ಉದಾಹರಣೆ. 1898ರಲ್ಲಿ ಅಲ್ಲಿ ಡಾ. ಲ್ಯೂಮನ್ ಊರಿನ ಬಹುಪಾಲು ಜನಕ್ಕೆ ಹಾಫ್‌ಕಿನ್ ಮದ್ದು ಚುಚ್ಚಿದರು. ಹಾಫ್‌ಕಿನ್ ಅದನ್ನ 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡಿದ್ದರು. ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು, ಅದರಿಂದ ರೋಗಾಣು ಕೆಳಕ್ಕೆ ಜೋತುಬಿದ್ದು ಬೆಳೆಯೋ ಹಂಗೆ ಮಾಡಿ, ವಾರಗಟ್ಟಲೆ ಬೆಳೆಸಿ, ಕಾಸಿ ಸಾಯಿಸಿದ ಮದ್ದು ಅದು. ಚುಚ್ಚಿದ ರಾತ್ರಿ ಜ್ವರ, ತೋಳು ಬಾವು, ಎರಡು ದಿವಸ ಕೂಲಿ ಹೋಯಿತು. ಆದರೂ ಜನ ಬಂದದ್ದಕ್ಕೆ ಒಂದು ಕಾರಣ, ಚುಚ್ಚಿಸಿಕೊಂಡ ಚೀಟಿ ಇದ್ದವರಿಗೆ ಮುಂಬಯಿ ಪ್ರಾಂತದಲ್ಲಿ ಕ್ಯಾಂಪಿನ ಬಂಧನದಿಂದ ವಿನಾಯಿತಿ ಸಿಗುತ್ತಿತ್ತು. ಸರ್ಕಾರದ ಮುಂದೆ ಹೆಸರು ಬರೆಸೋದರಿಂದ ಜನಕ್ಕೆ ಲಾಭ ಆದದ್ದು ಇಲ್ಲೇ ಮೊದಲು.

ಅದನ್ನ ಕೆಡಿಸಿದ್ದು 1902ರ ಅಕ್ಟೋಬರ್. ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಬಾಟಲಿಯ ಮದ್ದು ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಬಾಟಲಿ ಬಿಚ್ಚೋವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನ ಸರಿಯಾಗಿ ಶುದ್ಧಿ ಮಾಡಿರಲಿಲ್ಲ. ತಪ್ಪು ಮಾತ್ರ ಹಾಫ್‌ಕಿನ್ ತಲೆಗೆ ಬಂತು, ಅದು ಇಳಿಯೋದಕ್ಕೆ 1907 ಆಗಬೇಕಾಯಿತು.

ಹಳೇಪೇಟೆ:
ಕೊನೆಯದಾಗಿ ಒಂದು ಪ್ರಶ್ನೆ. ಹಳೆಯ ನಕ್ಷೆಯ ಮೇಲೆ ಒಂದು ವರ್ಷದ ರೋಗದ ಹಾದಿ ತೋರಿಸಬೇಕು ಎಂದಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಬೋನು ಬಲ್ಲವರು:
ಸಾವುಗಳಿಂದ ಶುರು ಮಾಡಬೇಡಿ. ಮೊದಲು ಧಾನ್ಯದ ಮಂಡಿ, ಗೋದಾಮು, ರೈಲಿನ ಗೂಡ್ಸ್ ಶೆಡ್ಡು ಗುರುತಿಸಿ. ತರಗುಪೇಟೆ, ಅಕ್ಕಿಪೇಟೆ, ಅರಳೆಪೇಟೆ ಎಂಬ ಹೆಸರುಗಳೇ ಅರ್ಧ ಕೆಲಸ ಮಾಡಿಕೊಡುತ್ತವೆ. ಸತ್ತ ಇಲಿ ಸಿಕ್ಕ ದಾಖಲೆ ಯಾವುದಾದರೂ ಇದ್ದರೆ ಅದನ್ನು ವಾರವಾರಕ್ಕೆ ಒಂದು ಬಣ್ಣದಲ್ಲಿ ಹಾಕಿ. ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಮನುಷ್ಯರ ಪ್ರಕರಣ ಗುರುತಿಸಿ, ತಾರೀಖನ್ನು ಎರಡು ವಾರ ಹಿಂದಕ್ಕೆ ಸರಿಸಿ ಓದಿ.

ಕಡತಕೋಣೆ:
ಒಂದು ಸೇರಿಸಲೇ? ಸಾವು ಬರೆದ ಜಾಗ ಮತ್ತು ಸೋಂಕು ತಗುಲಿದ ಜಾಗ ಬೇರೆ ಇರಬಹುದು. ಕ್ಯಾಂಪಿನಲ್ಲಿ, ಆಸ್ಪತ್ರೆಯಲ್ಲಿ ಸತ್ತವರು ಅಲ್ಲಿನ ಲೆಕ್ಕಕ್ಕೆ ಸೇರಿರುತ್ತಾರೆ. ಅವರ ಮನೆ ವಿಳಾಸ ಸಿಕ್ಕರೆ ಮಾತ್ರ ನಕ್ಷೆಗೆ ಹಾಕಿ, ಸಿಗದವರನ್ನು ಪಕ್ಕದಲ್ಲಿ ಬೇರೆ ಸಂಖ್ಯೆಯಾಗಿ ಕೊಡಿ. ಇಲ್ಲದಿದ್ದರೆ ಊರಿನಲ್ಲಿ ಅತಿ ಹೆಚ್ಚು ರೋಗ ಇದ್ದ ಜಾಗ ಆಸ್ಪತ್ರೆ ಎಂದು ನಕ್ಷೆ ತೋರಿಸುತ್ತದೆ.

ಧಾರವಾಡ ಕಡೆಯವರು:
ಮತ್ತೆ ಆ ನಕ್ಷೆಯಲ್ಲಿ ಒಂದೂ ಚುಕ್ಕೆ ಇಲ್ಲದ ಬೀದಿ ಕಂಡರೆ, ಅಲ್ಲಿ ಪ್ಲೇಗು ಇರಲಿಲ್ಲ ಅಂತ ಬರೀಬೇಡ್ರಿ. ಮೊದಲು ಆ ಬೀದಿಯ ಜ್ವರದ ಕಾಲಂ ತೆಗೆದು ನೋಡ್ರಿ.